ಪರದೆಯ ಮೊದಲ ಸಾಲು

ನನಗ ಸಿಟ್ಟು ಮೂಗಿನ ತುದೀಗೇ ಇರ್ತದ. ಅದರಿಂದ ಒಬ್ಬರ ನೌಕರಿ ಹೋತು. ಇಷ್ಟು ವರ್ಷ ಆದ್ರೂ ಅದನ್ನ ಮರ್ತಿಲ್ಲ.

ಆಗ ನಾನು ಶಹಾಬಾದದ ಒಂದು ಕಾಲೇಜಿನಾಗ ಕಂಪ್ಯೂಟರ್ ಕಲಿಸ್ತಿದ್ದೆ. ಲ್ಯಾಬ್ ನೋಡ್ಕೊಳ್ಳೋ ಅಕ್ಕಾರು ದಿನಾ ವಾಡಿಯಿಂದ ರೈಲಿಗೆ ಬರ್ತಿದ್ರು. ನನಗಿಂತ ಹಿರಿಯರು, ಕೆಲಸದಾಗೂ ಹಿರಿಯರು, ಖರೆ ನೌಕರಿ ಟೆಂಪರರಿ. ತಪಾಸಣೆ ಮಂದಿ ಮುಂದ ಲ್ಯಾಬ್ ಚಲೋ ನಡೆದ್ರ ಕಾಯಂ ಮಾಡ್ತೀವಂತ ಪ್ರಾಚಾರ್ಯರು ಮಾತು ಕೊಟ್ಟಿದ್ರು.

ತೋರಿಸಬೇಕಾದ್ದು ಏನಂದ್ರ, ನಾಕು ಹಳೇ ಕಂಪ್ಯೂಟರ್ ಕೂಡಿ ಒಂದೇ ಸರ್ವರ್ ಆಗಿ ದುಡಿಯೂದು. ಆ ಸಾಫ್ಟ್‌ವೇರಿಗೆ ಲಿನಕ್ಸ್ ಕರ್ನೆಲ್, ಅಂದ್ರ ಮಷೀನ್ ಏಳಿಸಿ ನಡೆಸೋ ಮೂಲ ಪ್ರೋಗ್ರಾಂ, ಬ್ಯಾರೇನೇ ಬೇಕು. ಪ್ಯಾಚ್ ಅನ್ನೋ ತಿದ್ದುಪಡಿ ಹಾಕಿ, ನೂರಾರು ಪ್ರಶ್ನೆಗೆ ಹೌದು, ಇಲ್ಲ ಅಂತ ಉತ್ತರ ಕೊಟ್ಟು, ನಾವೇ ಅದನ್ನ ಕಂಪೈಲ್ ಮಾಡಿ ಕಟ್ಟಬೇಕು. ಒಂದು ಸಲಕ್ಕ ಎರಡು ತಾಸು. ನಡುವ ಊರಿನ ಕಲ್ಲು ಗಣಿ ಧೂಳಿಗೆ ಮಷೀನಿನ ಫ್ಯಾನ್ ನಿಂತ್ರ ಮತ್ತ ಮೊದಲಿಂದ. ಅಕ್ಕಾರು ಬೇಸರ ಮಾಡ್ಕೊಳ್ತಿದ್ದಿಲ್ಲ. "ಅವಸರ ಮಾಡಬ್ಯಾಡ್ರಿ ಸರ್, ಹಳೇ ಕರ್ನೆಲ್ ಉಳಿಸ್ಕೊಂಡೇ ಹೊಸದು ಹಾಕ್ರಿ" ಅಂತಿದ್ರು.

ತಪಾಸಣೆಗೆ ಎರಡು ದಿನ ಇತ್ತು, ಅವರು ರಜಾ ಹಾಕಿದ್ರು. ನಾನು ಜಾಣತನ ಮಾಡಲಿಕ್ಕೆ ಹೋದೆ. ಕರ್ನೆಲ್ ಸಣ್ಣದಾಗ್ಲಿ ಅಂತ ಡಿಸ್ಕ್ ಓದೋ ಡ್ರೈವರನ್ನ ಅದರೊಳಗಿಂದ ತೆಗೆದು, ಡಿಸ್ಕಿನ ಮ್ಯಾಲ ಬ್ಯಾರೆ ಇಟ್ಟೆ. ಹಳೇದರ ಮ್ಯಾಲೇ ಹೊಸದು ಹಾಕಿದೆ. ಮಷೀನ್ ಬಂದ್ ಮಾಡಿ ಮತ್ತ ಚಾಲೂ ಮಾಡೂತನಾ ಹೊಸದು ಏಳಂಗಿಲ್ಲ, ನಾನು ಹಂಗ ಮಾಡಿ ನೋಡಲಿಲ್ಲ. ಅವರಿಗೆ ಹೇಳಲೂ ಇಲ್ಲ. ಮರುದಿನ ಅವರು ಇಡೀ ದಿನ ಮಷೀನ್ ಮುಂದ ಕುಂತಿದ್ದು ನೋಡಿ, ತಮ್ಮ ಕರ್ನೆಲ್ಲೇ ಮತ್ತ ಹಾಕ್ಯಾರ ಅಂತ ತಿಳ್ಕೊಂಡೆ.

ತಪಾಸಣೆ ಮಂದಿ ಬಂದ್ರು. ಚಾಲೂ ಮಾಡಿದ್ವಿ. ಅಕ್ಷರ ಸರಸರ ಏರಿ, ಡಿಸ್ಕ್ ಸಿಗವಲ್ದು ಅಂತ ನಿಂತುಬಿಟ್ಟವು. ಕೀಲಿಕೈ ಒಳಗಿಟ್ಟು ಬಾಗಿಲು ಹಾಕ್ಕೊಂಡಂಗ. ಮೂರು ಸಲ ಮಾಡಿದ್ರೂ ಅಷ್ಟೇ.

"ಏನ್ರೀ ಅಕ್ಕಾರ, ಆರು ತಿಂಗಳಿಂದ ಇದನ್ನೇ ಮಾಡಿದ್ರೇನ್ರೀ? ಆಗಲ್ಲಂದ್ರ ಮನ್ಯಾಗ ಕುಂದರಬೇಕಿತ್ತು!" ಅಂತ ಎಲ್ಲರ ಮುಂದ ಒದರಿದೆ.

ಅಕ್ಕಾರು ಪರದೆ ನೋಡಿದ್ರು, ನನ್ನ ಮುಖ ನೋಡಿದ್ರು. ಮಷೀನ್ ಬಂದ್ ಮಾಡಿ ಹೊರಗ ಹೋದ್ರು. ಮುಂದಿನ ತಿಂಗಳು ಅವರನ್ನ ಕೆಲಸದಿಂದ ಬಿಡಿಸಿದ್ರು.

ಭಾಳ ದಿನದ ಮ್ಯಾಲ, ಮೂಲ್ಯಾಗಿದ್ದ ಆ ಮಷೀನ್ ಚಾಲೂ ಮಾಡಿದೆ. ಕರ್ನೆಲ್ ಏಳುವಾಗ ಮೊದಲ ಸಾಲಿನಾಗ ಕಂಪೈಲ್ ಮಾಡಿದವರ ಲಾಗಿನ್ ಹೆಸರು ಬರ್ತದ. ನನ್ನ ಹೆಸರಿತ್ತು. ಪ್ರಾಚಾರ್ಯರಿಗೆ ಹೋಗಿ ಹೇಳಿದೆ. ಅಷ್ಟರಾಗ ಆ ಜಾಗಕ್ಕ ಬ್ಯಾರೆಯವರು ಬಂದಿದ್ರು.

ಅಕ್ಕಾರು ಚಿಂಚೋಳಿಯ ತವರಿನಾಗ ಇದ್ರು. ಬಸ್ ಹಿಡಿದು ಹೋದೆ.

"ಬರ್ರಿ ಸರ್, ಕುಂದ್ರಿ" ಅಂದ್ರು. ನೀರು ತಂದಿಟ್ರು.

"ತಪ್ಪಾತ್ರಿ ಅಕ್ಕಾರ. ಅದು ನನ್ನ ಕರ್ನೆಲ್ ಇತ್ತು."

"ಗೊತ್ತದರಿ. ಅವತ್ತೇ, ಚಾಲೂ ಮಾಡಿದಾಗ, ಮೊದಲ ಸಾಲಿನಾಗ ನಿಮ್ಮ ಹೆಸರು ಓದಿದ್ದೆ."

"ಮತ್ತ ಯಾಕ ಹೇಳಲಿಲ್ರಿ?"

"ಪರದೆ ನಿಮ್ಮ ಮುಂದೇ ಇತ್ತಲ್ರಿ ಸರ್. ನೀವೂ ಓದಿದ್ರಿ, ಓದಿದ ಮ್ಯಾಲೇ ನನ್ನ ಮ್ಯಾಲ ಹಾಕಿದ್ರಿ ಅಂತ ತಿಳ್ಕೊಂಡೆ."

ಓದಿದ್ದಿಲ್ರಿ, ದೇವರಾಣೆ ಓದಿದ್ದಿಲ್ಲ ಅಂದೆ. "ಇರಲಿ ಬಿಡ್ರಿ" ಅಂದ್ರು. ಅವರು ನಂಬಲಿಲ್ಲ.