ಹೆಸರು ಕಟ್ಟುವ ಮುಂಚಿನ ಸೂಜಿ

ಎಪ್ಪತ್ನಾಲ್ಕನೇ ಇಸವಿಯ ಹೊತ್ತಿಗೆ ಕೌದಳ್ಳಿಯ ನರ್ಸಮ್ಮ ಮಹಾಲಕ್ಷ್ಮಮ್ಮನಿಗೆ ನಡೆದು ನಡೆದು ಮಂಡಿ ಸವೆದಿತ್ತು, ಮಾತಾಡಿ ಮಾತಾಡಿ ಗಂಟಲು ಸೋತಿತ್ತು. ಹದಿನೆಂಟು ವರ್ಷ ಊರೂರು ಸುತ್ತಿ ಹೆರಿಗೆ ಮಾಡಿಸಿದವಳು. ಅವತ್ತು ಬಗಲಲ್ಲಿ ಐಸು ತುಂಬಿದ ಫ್ಲಾಸ್ಕು ಹಿಡಿದು ಶಂಕರಮ್ಮನ ಮನೆ ಮೆಟ್ಟಿಲು ಹತ್ತಿದ್ದು ಮೂರನೇ ಸಲ.

ಶಂಕರಮ್ಮನ ಮಗಳು ಪುಟ್ಟಮಲ್ಲಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಗಂಡು ಕೂಸು ಹೆತ್ತಿದ್ದಳು. ಅವಳದು ನೆಗೆಟಿವ್ ರಕ್ತ, ಕೂಸಿನದು ಪಾಸಿಟಿವ್. ಮೈಸೂರಿನಿಂದ ತರಿಸಿ ಫ್ಲಾಸ್ಕಿನಲ್ಲಿಟ್ಟ ಇಂಜೆಕ್ಷನ್ನು ಹೆರಿಗೆಯಾದ ಮೂರು ದಿನದೊಳಗೆ ತಾಯಿಯ ಮೈ ಸೇರಬೇಕು. ಇವತ್ತೇ ಮೂರನೇ ದಿನ. ಮೊದಲ ದಿನವೇ ಮಹಾಲಕ್ಷ್ಮಮ್ಮ "ಇದು ಮುಂದ್ಲ ಮಗೀಗೆ" ಎಂದುಬಿಟ್ಟಿದ್ದಳು. ಹೆಸರು ಕಟ್ಟದ ಕೂಸಿನ ಮುಂದೆ ಇನ್ನೊಂದು ಕೂಸಿನ ಮಾತೆತ್ತಿದರೆ ಕೇಡು ಎಂದು ಆ ಊರಿನ ನಂಬಿಕೆ. ಇಷ್ಟು ಅನುಭವದವಳಿಗೆ ಅದು ಗೊತ್ತಿರಬೇಡವೇ? ಗೊತ್ತಿತ್ತು. ದಣಿದ ಬಾಯಿ ಜಾರಿತು, ಅಷ್ಟೇ.

"ಮತ್ತೆ ಬಂದ್ಯಾ ನರ್ಸಮ್ಮ?" ಎಂದಳು ಶಂಕರಮ್ಮ. "ಈ ಮಗೀಗೆ ಹೆಸ್ರೇ ಕಟ್ಟಿಲ್ಲ, ಮುಂದ್ಲುದ್ರ ಮಾತಾ? ಬುಡ್ತು ಅನ್ನು. ತಾಯಿ ಮಗ ಗುಂಡುಕಲ್ಲಂಗವ್ರೆ, ಸೂಜಿ ಯಾಕೆ?"

"ಮಗೀನ ರಕ್ತ ಅಷ್ಟೋ ಇಷ್ಟೋ ತಾಯಿ ಮೈಗೆ ಸೇರಿರ್ತದೆ ಕಣವ್ವ. ಮೈ ಅದನ್ನ ಹಗೆ ಅಂತ ಗುರ್ತಿಟ್ಕತದೆ, ಆಮ್ಯಾಕೆ ಬರೋ ಮಗೀನ ಕಾಡ್ತದೆ. ಈ ಔಸ್ದೀನೂ ಮನುಷ್ಯರ ರಕ್ತದಿಂದ್ಲೇ ತೆಗೆದದ್ದು. ನಾಯಿ ಮೂಸಕ್ ಮುಂಚೆ ಎಜ್ಜೆ ಗುರ್ತು ಅಳಿಸ್ದಂಗೆ, ಮೈಗೆ ಗೊತ್ತಾಗಕ್ ಮುಂಚೆ ಆ ರಕ್ತ ಇಲ್ದಂಗೆ ಮಾಡ್ತದೆ."

"ಓಗಮ್ಮ, ಓಗು." ಶಂಕರಮ್ಮ ಬಾಗಿಲು ಮುಂದಕ್ಕೆಳೆದಳು.

ಮಹಾಲಕ್ಷ್ಮಮ್ಮ ಜಗಲಿ ಮೇಲೆ ಕುಸಿದು ಕೂತಳು. ಕಲಿತದ್ದೆಲ್ಲ ಹೇಳಿ ಮುಗಿದಿತ್ತು. ಯಾರಿಗೂ ಹೇಳದ್ದು ಒಂದೇ ಉಳಿದಿತ್ತು.

"ನಂದೂ ಇದೇ ರಕ್ತ ಕಣವ್ವ. ಮೊದ್ಲ ಮಗ ಗುಂಡುಕಲ್ಲಂಗೇ ಉಟ್ದ, ಈಗ್ಲೂ ಅವ್ನೆ. ಆಮ್ಯಾಕೆ ಮೂರು ಉಟ್ಟಿದ್ವು. ಮೂರೂ ಅರಿಶಿನದಂಗಾಗಿ ಓದ್ವು."

ಬಾಗಿಲು ಅರ್ಧಕ್ಕೆ ನಿಂತಿತು. "ಏನ್ ಹೆಸ್ರು ಕಟ್ಟಿದ್ದೆ?"

"ಹೆಸ್ರು ಕಟ್ಟೋಗಂಟ ಒಂದೂ ಉಳೀಲಿಲ್ಲ."

"ನಿಂಗೆ ಈ ಸೂಜಿ ಯಾರೂ ಆಕ್ಲಿಲ್ವಾ?"

"ಆಗ ಇದು ಇರ್ಲಿಲ್ಲವ್ವ."

ಶಂಕರಮ್ಮ ಒಳಗೆ ಹೋಗಿ ಒಂದು ಚೆಂಬು ಬಿಸಿನೀರು ತಂದಿಟ್ಟಳು. ಮಹಾಲಕ್ಷ್ಮಮ್ಮ ಕೈ ತೊಳೆದು ಒಳಗೆ ಹೋಗಿ ಪುಟ್ಟಮಲ್ಲಮ್ಮನಿಗೆ ಸೂಜಿ ಹಾಕಿದಳು. ಗೆದ್ದೆನೆಂಬ ಖುಷಿ ಬರಲಿಲ್ಲ. ಕಾಲು ಚಾಚಿ ಮಲಗಿಬಿಡೋಣ ಅನ್ನಿಸಿತು. ಫ್ಲಾಸ್ಕು ಎತ್ತಿಕೊಂಡು ಹೊರಟಾಗ ಶಂಕರಮ್ಮ ಬಾಗಿಲ ತನಕ ಬಂದಳು.

"ನರ್ಸಮ್ಮ," ಎಂದಳು ಮೆಲ್ಲಗೆ, "ಮುಂದ್ಲ ಮಗೀಗೂ ನೀನೇ ಬತ್ತೀಯಾ?"