ಹಬೆ ಮೇಷ್ಟ್ರೂ ನೀರಿನ ಗಾಜೂ

ಬಾಯ್ಲರ್‌ಗಳ ಬಗ್ಗೆ ಪಾಠ ಹೇಳುವವರು ಅನೇಕರಿದ್ದಾರೆ; ಉರಿಯುವ ಬಾಯ್ಲರ್‌ನ ಮುಂದೆಯೇ ವಿದ್ಯಾರ್ಥಿಯನ್ನು ಕೂರಿಸಿ ಕಲಿಸಿದವರು ವಿರಳ. ಮೂವತ್ತನಾಲ್ಕು ವರ್ಷ ತಾಂತ್ರಿಕ ಶಾಲೆಯ ವರ್ಕ್‌ಶಾಪನ್ನು ಸ್ವಂತ ಮನೆಗಿಂತ ಹೆಚ್ಚಾಗಿ ನೋಡಿಕೊಂಡು ಇದೀಗ ನಿವೃತ್ತರಾಗುತ್ತಿರುವ ನಮ್ಮೆಲ್ಲರ ಹಬೆ ಮೇಷ್ಟ್ರು ಆ ವಿರಳರಲ್ಲಿ ಒಬ್ಬರು.

ಸೇವೆಯ ಮೊದಲ ಒಂಬತ್ತು ವರ್ಷಗಳ ಬಿಡುವನ್ನೆಲ್ಲ ಧಾರೆಯೆರೆದು ಅವರು ಮೊಣಕಾಲೆತ್ತರದ ಉಗಿಬಂಡಿಯೊಂದನ್ನು ಕಟ್ಟಿ, ಶಾಲೆಯ ಹಿತ್ತಲಲ್ಲಿ ಅದಕ್ಕೆ ಹಳಿ ಹಾಸಿದರು. ಆಗ ಅವರ ವಿದ್ಯಾರ್ಥಿನಿಯಾಗಿದ್ದ ಈ ಲೇಖಕಿ ಅದನ್ನು ಓಡಿಸಲು ಕಲಿತದ್ದು ಹೆದರಿ ಹೆದರಿ. ಕಲ್ಲಿದ್ದಲು ಹೆಚ್ಚಾದರೆ ಬೆಂಕಿ ಉಸಿರುಗಟ್ಟುತ್ತದೆ, ಕಡಿಮೆಯಾದರೆ ಏರಿನಲ್ಲಿ ಬಂಡಿ ನಿಲ್ಲುತ್ತದೆ. ನೀರು ಬತ್ತಿದರಂತೂ ಬಾಯ್ಲರ್ ಸುಟ್ಟುಹೋಗುತ್ತದೆ, ಸಿಡಿದರೂ ಸಿಡಿಯಬಹುದು. ನೀರಿನ ಮಟ್ಟ ತೋರುವ ಗಾಜಿನ ಕೊಳವೆಯೋ, ಪೂರ್ತಿ ತುಂಬಿದಾಗಲೂ ಪೂರ್ತಿ ಖಾಲಿಯಾದಾಗಲೂ ಒಂದೇ ಥರ ಕಾಣುತ್ತದೆ. ಆದ್ದರಿಂದಲೇ ಪ್ರತಿ ಸುತ್ತಿಗೂ ಅದರ ತಳದ ನಲ್ಲಿ ತಿರುಗಿಸಿ, ನೀರು ಇಳಿದು ಏರುವುದನ್ನು ನೋಡಬೇಕೆಂಬುದು ಮೇಷ್ಟ್ರ ಕಟ್ಟುನಿಟ್ಟು.

ಶಾಲೆಯ ವಾರ್ಷಿಕ ಪ್ರದರ್ಶನದ ದಿನ ಈಕೆಯ ಬೆನ್ನ ಹಿಂದೆ, ಬಂಡಿಗೆ ಜೋಡಿಸಿದ ತಗ್ಗು ಗಾಡಿಗಳ ಮೇಲೆ, ತಾಯಿಯೂ ಸೇರಿ ಆರು ಮಂದಿ ಕೂತಿದ್ದರು. ಮನೆಯ ಒಲೆಯನ್ನೇ ನೆಟ್ಟಗೆ ಹಚ್ಚದವಳೆಂದು ತಾಯಿ ಚುಡಾಯಿಸುತ್ತಿದ್ದರು. ಮೂರನೆಯ ಸುತ್ತಿನಲ್ಲಿ ನೋಡಿದರೆ ಗಾಜಿನಲ್ಲಿ ನೀರಿನ ಗೆರೆಯೇ ಇಲ್ಲ. ಬಾಯ್ಲರ್‌ಗೆ ನೀರು ಹೊಡೆಯುವ ಪಂಪಿನತ್ತ ಚಾಚಿದ ಕೈ ನಿಂತಿತು. ನೀರಿಲ್ಲದೆ ಕಾದು ಕೆಂಪಾದ ಲೋಹಕ್ಕೆ ತಣ್ಣೀರು ಬಿಟ್ಟರೆ ಕಥೆ ಮುಗಿದಂತೆ. ನಲ್ಲಿ ತಿರುಗಿಸುವುದು ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ. ಬಂಡಿ ನಿಲ್ಲಿಸಿ, ಎಲ್ಲರನ್ನೂ ದೂರ ಕಳಿಸಿ, ಬೆಂಕಿಗೂಡಿನ ತಳ ತೆರೆಯುವ ಕೊಂಡಿ ಎಳೆದು ಕೆಂಡವನ್ನೆಲ್ಲ ಹಳಿಯ ಮೇಲೆ ಸುರಿದುಬಿಟ್ಟಳು.

ಮೇಷ್ಟ್ರು ಬಂದು ನಲ್ಲಿ ತಿರುಗಿಸಿದರು. ಬಾಯ್ಲರ್ ಕಂಠಪೂರ್ತಿ ತುಂಬಿತ್ತು! ಹೆದರಿಕೆಯಲ್ಲಿ ಈಕೆಯೇ ಅಳತೆ ಮೀರಿ ನೀರು ಹೊಡೆದಿದ್ದಳು. ನೆರೆದವರ ಮುಂದೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಇನ್ನು ತನ್ನನ್ನು ಬಂಡಿಯ ಹತ್ತಿರವೂ ಸೇರಿಸುವುದಿಲ್ಲವೆಂದುಕೊಂಡಳು.

“ಗೊತ್ತಾಗದಿದ್ದಾಗ ಖಾಲಿ ಅಂತಲೇ ತಿಳ್ಕೋಬೇಕಮ್ಮ, ಸರಿಯಾಗೇ ಮಾಡಿದೆ,” ಎಂದರು ಮೇಷ್ಟ್ರು. “ನಲ್ಲಿ ಮರೆತಿದ್ದಕ್ಕೆ ಆಮೇಲೆ ಬೈತೀನಿ. ಈಗ ಮತ್ತೆ ಬೆಂಕಿ ಹಚ್ಚು.”

ಅರ್ಧ ಗಂಟೆಯಲ್ಲಿ ಹಬೆ ಏರಿತು. ಪಕ್ಕದಲ್ಲೇ ಇರಿ ಎಂದು ಆಕೆ ಅಂಗಲಾಚಿದರೂ ಮೇಷ್ಟ್ರು ಕೇಳಲಿಲ್ಲ. ತಾಯಿಯ ಹಿಂದಿನ ಜಾಗದಲ್ಲಿ, ಬಾಯ್ಲರ್‌ಗೆ ಬೆನ್ನು ಮಾಡಿ ಕೂತುಬಿಟ್ಟರು. ಹತ್ತು ಸುತ್ತು ಮುಗಿಯುವವರೆಗೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಇಂದು ಕಾರ್ಖಾನೆಗಳ ಬಾಯ್ಲರ್ ಪರೀಕ್ಷಿಸುವ ಈ ಲೇಖಕಿಗೆ ಅಂದಿನ ಅಳುಕು ಪೂರ್ತಿ ಹೋಗಿಲ್ಲ. ಮೇಷ್ಟ್ರು ಆಯುರಾರೋಗ್ಯದಿಂದಿದ್ದು, ಅರ್ಧಕ್ಕೆ ನಿಂತಿರುವ ಎರಡನೆಯ ಬಂಡಿಯನ್ನೂ ಮುಗಿಸಲಿ. ಮುಂದೆ ಅದನ್ನು ಹೆದರಿ ಹೆದರಿ ಓಡಿಸುವವರ ಹಿಂದೆಯೂ ಹಾಗೆಯೇ ಬೆನ್ನು ಮಾಡಿ ಕೂರುವ ಭಾಗ್ಯ ಅವರಿಗೆ ಬಹುಕಾಲ ಇರಲಿ.