ಹದಡಿಗೆ ಹೋದ ಒಲೆ

ನಮ್ಮ ಅಜ್ಜಿ ಮರಿಯವ್ವನ ಬುತ್ತಿ ಬಿಚ್ಚಿದಾಗ ಒಂದು ವಾಸನೆ ಬರುತ್ತಿತ್ತು. ಬಾಳೆ ಎಲೆ, ಹುಳಿಮೊಸರು, ಒಗ್ಗರಣೆಯ ಕರಿಬೇವು, ಒಗೆದ ಪಂಚೆ, ಇವೆಲ್ಲ ಬಿದಿರಿನ ಬುಟ್ಟಿಯೊಳಗೆ ಒತ್ತಿಕೊಂಡು ಕೂತು ಊರಿಂದೂರಿಗೆ ಹೋದ ಮೇಲೆ ಬರುವ ವಾಸನೆ. ಮನೆಯಲ್ಲಿ ಅದೇ ಅನ್ನ ಉಂಡರೆ ಅದು ಸಿಗುತ್ತಿರಲಿಲ್ಲ.

ಹರಿಹರದಲ್ಲಿ ನಮ್ಮದು ಹೊಳೆಯ ಕಡೆಯ ಓಣಿ. ಅವ್ವ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವುದರಿಂದ ಅಡುಗೆಮನೆ ಯಾವಾಗಲೂ ಅಜ್ಜಿಯದೇ. ಓಣಿಯಲ್ಲಿ ಯಾರ ಮಗಳು ಬಸುರಿಯಾದರೂ ತವರಿನಿಂದ ಒಯ್ಯುವ ಕುಬಸದ, ಅಂದರೆ ಸೀಮಂತದ, ಬುತ್ತಿಗೆ ಅವಳನ್ನೇ ಕರೆಯುತ್ತಿದ್ದರು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಕರ್ಜಿಕಾಯಿ ಹಿಂದಿನ ದಿನವೇ ಆಗುತ್ತಿದ್ದವು. ಚಿತ್ರಾನ್ನ ಮತ್ತು ಮೊಸರನ್ನಕ್ಕೆ ಮಾತ್ರ ಅಜ್ಜಿ ಬೆಳಕು ಹರಿಯುವ ಮೊದಲೇ ತನ್ನ ಕಬ್ಬಿಣದ ಒಲೆ ಹೊತ್ತಿಸುತ್ತಿದ್ದಳು. ಅನ್ನವನ್ನು ಪಂಚೆಯ ಮೇಲೆ ಹರವಿ, ಬೀಸಣಿಗೆಯಿಂದ ಗಾಳಿ ಹಾಕಿ, ಪೂರ್ತಿ ಆರಿದ ಮೇಲೆ ಕಲಸುತ್ತಿದ್ದಳು. ಬುತ್ತಿಯ ಅನ್ನ ತವರಿನ ಒಲೆಯ ಮೇಲೆಯೇ ಬೇಯಬೇಕು. ಬಸುರಿ ಬಿಚ್ಚಿ ಮೊದಲ ತುತ್ತು ಉಣ್ಣುವವರೆಗೆ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ.

ನನ್ನ ಅಕ್ಕ ರೇಖಾಳನ್ನು ದಾವಣಗೆರೆ ಹತ್ತಿರದ ಹದಡಿಗೆ ಕೊಟ್ಟಿದ್ದೇವೆ. ಹೋದ ವರ್ಷ ಬೇಸಿಗೆಯಲ್ಲಿ ಅವಳಿಗೆ ಐದು ತಿಂಗಳಾದಾಗ, ಸದ್ದಿಲ್ಲದೆ ಮಾಡುವ ಕಳ್ಳ ಕುಬಸಕ್ಕೆ ಅಜ್ಜಿ ಬುತ್ತಿ ಕಟ್ಟಿದಳು. ಮೊಮ್ಮಗಳು ಬಿಸಿ ಅನ್ನ ಉಣ್ಣಲಿ ಎಂದು ಆ ಸಲ ಪಂಚೆ ಹಾಸಲಿಲ್ಲ. ದಾವಣಗೆರೆಯಿಂದ ತರಿಸಿದ ದೊಡ್ಡ ಹಾಟ್‌ಬಾಕ್ಸಿಗೆ ಹಬೆಯಾಡುವ ಅನ್ನವನ್ನೇ ಕಲಸಿ ತುಂಬಿದಳು.

ಹದಡಿಯಲ್ಲಿ ಬಳೆಗಾರ ತಡವಾಗಿ ಬಂದ. ಅಷ್ಟರಲ್ಲಿ ರಾಹುಕಾಲ ಬಂತು. ಅದು ಮುಗಿಯಲಿ ಎಂದು ಎಲ್ಲರೂ ಕಾದರು. ಬುತ್ತಿ ಮುಚ್ಚಿಯೇ ಇತ್ತು. ಇಳಿಹೊತ್ತಿನಲ್ಲಿ ಅಕ್ಕ ಮುಚ್ಚಳ ತೆಗೆದಾಗ ಅನ್ನ ಉಗುರುಬೆಚ್ಚಗಿತ್ತು.

"ನೋಡ್ರಿ, ಹರಿಹರದಾಗೆ ಮಾಡಿದ ಅನ್ನ, ಇನ್ನೂ ಬೆಚ್ಚಗೈತೆ" ಎಂದು ಅಜ್ಜಿ ಎಲ್ಲರಿಗೂ ತೋರಿಸಿದಳು.

ದೀಪ ಹಚ್ಚುವ ಹೊತ್ತಿಗೆ ಅಕ್ಕನಿಗೆ ವಾಂತಿ ಶುರುವಾಯಿತು. ಆಮೇಲೆ ಅವಳ ಅತ್ತೆ ಕೆಂಚವ್ವನಿಗೆ, ಅನ್ನ ಉಂಡ ಇನ್ನೂ ಹಲವರಿಗೆ. ರೊಟ್ಟಿ ಮಾತ್ರ ತಿಂದವರಿಗೆ ಏನೂ ಆಗಲಿಲ್ಲ. ಯಾರೋ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದರು. ಅಕ್ಕನ ಹೊಟ್ಟೆಯಲ್ಲಿ ನೀರೂ ನಿಲ್ಲದಾದಾಗ ಭಾವ ಮಾಲತೇಶ ಅವಳನ್ನು ದಾವಣಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದ.

ಮಾರನೇ ದಿನ, ಹೊಟ್ಟೆಯಲ್ಲಿನ ಕೂಸು ಚೆನ್ನಾಗಿದೆ ಎಂದು ನರ್ಸು ಹೇಳಿದ ಮೇಲೆಯೇ ಅಜ್ಜಿ ನೆಲಕ್ಕೆ ಕೂತದ್ದು. ಪಕ್ಕದ ಮಂಚಗಳಲ್ಲೂ ಡ್ರಿಪ್ ಹಾಕಿಸಿಕೊಂಡವರಿದ್ದರು. ಒಬ್ಬ ಮುದುಕ ಗೃಹಪ್ರವೇಶದಲ್ಲಿ ಉಂಡು ಬಂದಿದ್ದ. ಒಂದು ಮಗು ರಸ್ತೆಬದಿಯ ಐಸ್‌ಕ್ಯಾಂಡಿ ತಿಂದಿತ್ತು.

"ಬೇಸಿಗೆ ಬಂದ್ರೆ ಇದೇ ಗೋಳು ಅಜ್ಜಿ" ಎಂದಳು ನರ್ಸು. "ಇಲ್ಲಿಗೆ ಬರೋರು ಸ್ವಲ್ಪ. ಉಳಿದೋರು ದೃಷ್ಟಿ ಆಗೈತೆ ಅಂತ ಮನ್ಯಾಗೇ ಮಲಗ್ತಾರೆ. ಅನ್ನ ಬೆಚ್ಚಗೆ ಮುಚ್ಚಿ ಬಾಳ ಹೊತ್ತು ಇಟ್ರೆ ಅದ್ರಾಗೇ ವಿಷ ಹುಟ್ತೈತೆ. ವಾಸ್ನಿ ಬರಲ್ಲ, ರುಚೀನೂ ಕೆಡಲ್ಲ."

"ಇಷ್ಟು ವರ್ಷ ಅನ್ನ ಆರಿಸಿ ಬುತ್ತಿ ಕಟ್ಟೀನವ್ವಾ. ಯಾರಿಗೂ ಏನೂ ಆಗಿಲ್ಲ."

"ಆರಿಸಿ ಕಟ್ತಿದ್ರಿ, ಹೊತ್ತಿಗೆ ಉಣ್ತಿದ್ರು. ಆದ್ರೂ ಯಾರಿಗೂ ಆಗಿಲ್ಲ ಅಂತ ಹೆಂಗ್ ಹೇಳ್ತೀರಿ? ಬುತ್ತಿ ಉಂಡೋರಿಗೆ ದೃಷ್ಟಿ ತೆಗೆದಿದ್ದು ನೆನಪೈತಾ?"

ಅಜ್ಜಿ ಎದ್ದು ಅಕ್ಕನ ಹೊದಿಕೆ ಸರಿಮಾಡಿದಳು. ವಾಪಸು ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನಮ್ಮ ಓಣಿ ಭೀಮವ್ವನ ಮಗಳ ಕುಬಸದಾಗೆ ಒಂದು ಕೂಸು ವಾಂತಿ ಮಾಡ್ಕೊಂಡಿತ್ತು. ನಾನೇ ನಿವಾಳಿಸಿದ್ದೆ" ಎಂದಳು. ಮನೆಗೆ ಬಂದವಳೇ ಬುತ್ತಿಯ ಬುಟ್ಟಿಯನ್ನು ಅಟ್ಟದ ಮೇಲೆ ಬೋರಲು ಹಾಕಿದಳು. ಆಮೇಲೆ ಯಾರು ಕರೆದರೂ ಹೋಗಲಿಲ್ಲ.

ಏಳನೇ ತಿಂಗಳ ದೊಡ್ಡ ಕುಬಸ ಹತ್ತಿರ ಬಂತು. ಕೆಂಚವ್ವ ಫೋನಿನಲ್ಲಿ ಮೊದಲೇ ಹೇಳಿದಳು: "ಸೀರೆ ತರ್ರಿ, ಬಳೆ ತರ್ರಿ. ಅನ್ನ ಮಾತ್ರ ಬ್ಯಾಡ್ರಿ ಬೀಗ್ರೆ. ಹೋದ ಸಲ ನಿಮ್ಮ ಬುತ್ತಿ ಉಂಡು, ಸೊಸೆ ಜೋಡಿ ನಾನೂ ಬಸುರಿ ಆದಂಗೆ ವಾಂತಿ ಮಾಡ್ಕೊಂಡೆ."

ಅಜ್ಜಿ ಒಪ್ಪಿಕೊಂಡಳು. ಆದರೆ ಅಕ್ಕ ಒಪ್ಪಲಿಲ್ಲ. "ತವರಿನ ಅನ್ನ ಉಣ್ಣದೇ ಹೆರಿಗೆಗೆ ಹೋಗ್ಲೇನಜ್ಜಿ?" ಎಂದು ಕೇಳಿ ಫೋನ್ ಇಟ್ಟಳು. ಅಂದಿನಿಂದ ಅಜ್ಜಿಗೆ ಊಟ ರುಚಿಸಲಿಲ್ಲ. ಒಲೆಯ ಮುಂದೆ ಕೂತು ಬೂದಿ ಕೆದಕುತ್ತಿದ್ದಳು. ಒಂದು ಬೆಳಗ್ಗೆ ತಾನೇ ಕೆಂಚವ್ವನಿಗೆ ಫೋನ್ ಮಾಡಿಸಿದಳು.

"ಅನ್ನ ತರಲ್ಲ ಬೀಗ್ರೆ. ಒಲಿ ತರ್ತೀನಿ. ನಿಮ್ಮ ಅಂಗಳದಾಗೆ ಒಂದು ಮೂಲಿ ಕೊಡ್ರಿ, ನೀವೇ ಮುಂದೆ ಕೂತು ನೋಡ್ರಿ."

ಕೆಂಚವ್ವ ಕೇಳಿದ್ದು ಒಂದೇ: "ಸೌದಿ ಯಾರವು?"

"ಸೌದಿ ನಿಮ್ಮವು. ಒಲಿ ನಂದು."

"ಹಂಗಾರೆ ಬರ್ರಿ."

ಅಟ್ಟದ ಮೇಲಿನ ಬುಟ್ಟಿ ಇಳಿಸಿ, ಕಬ್ಬಿಣದ ಒಲೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆವು.

"ಅಜ್ಜಿ, ನಿಂಗೆ ಫ್ರೀ. ಒಲಿಗೆ ಟಿಕೆಟ್ ತಗೋಬೇಕು" ಎಂದ ಕಂಡಕ್ಟರ್.

"ಅದೂ ಹೆಣ್ಮಗಳೇ ಕಣಪ್ಪಾ. ಹುಟ್ಟಿದಾಗಿಂದ ಅಡಿಗಿ ಮಾಡ್ತೈತೆ."

ಅವನು ನಗುತ್ತಾ ಮುಂದೆ ಹೋದ.

ಈ ಸಲ ಬಳೆ, ಆರತಿ ಎಲ್ಲ ಮುಗಿಯುವ ಹೊತ್ತಿಗೆ ಸರಿಯಾಗಿ ಅನ್ನ ಇಳಿಯುವಂತೆ ಅಜ್ಜಿ ಅಕ್ಕಿ ಹಾಕಿದಳು. ಕೆಂಚವ್ವ ಮಣೆ ಹಾಕಿಕೊಂಡು ಎದುರಿಗೇ ಕೂತಿದ್ದಳು. ಅಜ್ಜಿ ಮತ್ತೆ ಮತ್ತೆ ಸೋಪು ಹಚ್ಚಿ ಕೈ ತೊಳೆಯುವುದನ್ನು ನೋಡಿ, "ಸಾಕ್ರಿ, ಅಂಗೈ ಗೆರಿ ಅಳಿಸಿ ಹೋಗ್ತಾವೆ" ಎಂದಳು.

ಕಲಸಿದ ಅನ್ನಕ್ಕೆ ಬಾಳೆ ಎಲೆ, ಪಂಚೆ ಸುತ್ತಿ ಬುಟ್ಟಿಯಲ್ಲಿಟ್ಟು ಅಜ್ಜಿ ತಲೆಯ ಮೇಲೆ ಹೊತ್ತಳು. ಅಂಗಳದ ಮೂಲೆಯಿಂದ ಹೊಸ್ತಿಲಿನವರೆಗೆ ನಡೆದಳು. ಆ ಬುತ್ತಿಯ ಪ್ರಯಾಣ ಅಷ್ಟೇ. ಅಕ್ಕ ಬಿಚ್ಚಿದಳು. ತುತ್ತು ಕೈಗೆ ತೆಗೆದುಕೊಂಡವಳು ಹಾಗೇ ನಿಲ್ಲಿಸಿದಳು. 

"ಈಗ ಇಳಿಸಿದ್ದವ್ವಾ. ಊದ್ಕೊಂಡು ಉಣ್ಣು" ಎಂದಳು ಅಜ್ಜಿ.

ಅಕ್ಕ ಊದಿಕೊಂಡು ಉಂಡಳು. ಎರಡನೇ ತುತ್ತಿಗೆ ಊದುವಷ್ಟೂ ತಾಳಲಿಲ್ಲ. ಕೆಂಚವ್ವ ತಾನೇ ತಟ್ಟೆ ತಂದು ಕೂತಳು. "ನಂಗೂ ಹಾಕ್ರಿ. ಈ ಸಲ ಏನಾರ ಆದ್ರೆ ನಮ್ಮ ಸೌದೀದೇ ತಪ್ಪು."

ಊಟವಾದ ಮೇಲೆ ಅಜ್ಜಿ ಪಂಚೆಯನ್ನು ಮೂಗಿಗೆ ಹಿಡಿದು ನೋಡಿದಳು. "ಬುತ್ತಿ ವಾಸ್ನಿ ಬಂದೇ ಇಲ್ಲ" ಎಂದು, ಮಡಿಸದೇ ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಊರಿಗೆ ಹೊರಡೋಣ ಎಂದರೆ ಏಳಲಿಲ್ಲ. ಒಳಗೆ ಮಲಗಿದ್ದ ಅಕ್ಕನ ಕಡೆಗೇ ಅವಳ ಕಣ್ಣಿತ್ತು.

ಹೋದ ಸಲ ವಾಂತಿ ಶುರುವಾಗಿದ್ದ ದೀಪ ಹಚ್ಚುವ ಹೊತ್ತು ದಾಟಿತು. ಅಕ್ಕ ಎದ್ದು ಕೂತು, ಕೂದಲು ಕಟ್ಟಿಕೊಂಡು, "ಅಜ್ಜಿ, ಹಸಿವಾಗ್ತೈತೆ" ಎಂದಳು.

ಅಜ್ಜಿ ಅಂಗಳಕ್ಕಿಳಿದು ಒಲೆಗೆ ಮತ್ತೆ ಸೌದೆ ಇಟ್ಟಳು.